ಯಾರು ಕೊಟ್ಟರೆಂದು ಕೇಳದ ದಿನ

ಅಕ್ಕ ಗುಳಿಗೆ ನುಂಗಿದ್ದನ್ನು ನಾನು ನೋಡಿದ್ದೇನೆ. ಯಾವ ಗುಳಿಗೆ ಎಂಬುದನ್ನು ನೋಡಿಲ್ಲ. ಆಮೇಲಿನ ದಿನಗಳಲ್ಲಿ ಹಲವರು ಇದನ್ನೇ ಕೇಳಿದರು. ಪ್ರತಿ ಸಲವೂ ನಾನು ಇಷ್ಟನ್ನೇ ಹೇಳಿದೆ. ಇದಕ್ಕಿಂತ ಹೆಚ್ಚು ನೋಡಿದ್ದರೆ ಅದನ್ನೂ ಹೇಳುತ್ತಿದ್ದೆ.

ಅದು ಭಾನುವಾರ. ಶಹಾಪುರದಲ್ಲಿ ನಾನು ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ರಜೆಯ ದಿನ ಬಸ್ಸು ಹತ್ತಿ ಸುರಪುರದ ಅಕ್ಕನ ಮನೆಗೆ ಹೋಗುವುದು ರೂಢಿ. ಭಾವ ಲಾರಿಯ ಜೊತೆ ಊರೂರು ತಿರುಗುವವರು, ಮನೆಯಲ್ಲಿ ಇರಲಿಲ್ಲ. ಅಕ್ಕನಿಗೆ ದವಡೆಯ ಹಲ್ಲು ನೋಯುತ್ತಿತ್ತು. ಲವಂಗ ಕಚ್ಚಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ರೊಟ್ಟಿ ಹೆಂಚಿನಿಂದ ಇಳಿಸಿ, ಕೈ ತೊಳೆದು, ಸೆರಗಿನ ತುದಿಯ ಗಂಟು ಬಿಚ್ಚಿ ಏನನ್ನೋ ಬಾಯಿಗೆ ಹಾಕಿಕೊಂಡು ತಂಬಿಗೆಯ ನೀರು ಕುಡಿದಳು. ನಾನು ಅವಳ ಕೈಯನ್ನಷ್ಟೇ ನೋಡಿದೆ.

ಊಟಕ್ಕೆ ಕೂತೆವು. ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳು ಹೆಚ್ಚಾಗಿದೆ ಎಂದು ನಾನು, ಕಮ್ಮಿಯಾಗಿದೆ ಎಂದು ಅವಳು ವಾದಿಸುತ್ತಿದ್ದೆವು. ಅವಳು ಅಂಗೈ ಕೆರೆದುಕೊಂಡಳು. ಸ್ವಲ್ಪ ಹೊತ್ತಿಗೆ ಕಿವಿ ಕೆಂಪಾದವು. ಆಮೇಲೆ ಕೆಳತುಟಿ ಒಂದು ಬದಿಗೆ ಉಬ್ಬಿತು.

"ತಂಗೀ, ನನ್ನ ನಾಲಿಗಿ ದಪ್ಪ ಆಗಾಕತ್ತದ."

"ಇಷ್ಟು ದಿನ ಮಾತಾಡಿದ್ದಕ್ಕ ಈಗ ಆಗ್ಯಾದ ಬಿಡು" ಎಂದು ನಾನು ನಕ್ಕೆ. ಅವಳೂ ನಗಲು ಹೋದಳು. ನಗು ಬರಲಿಲ್ಲ. ಬಂದದ್ದು ಒಂದು ಬಗೆಯ ಸೀಟಿಯ ಸದ್ದು, ಎದೆಯೊಳಗಿನಿಂದ. ಅವಳ ಕಣ್ಣುಗಳು ರೆಪ್ಪೆಯ ಊತದಲ್ಲಿ ಮುಚ್ಚುತ್ತಾ ಬಂದವು. ನಾನು ಬಾಗಿಲಿಗೆ ಓಡಿ ಕೂಗಿದೆ. ಗಲ್ಲಿಯೆಲ್ಲ ಖಾಲಾ, ಚಿಕ್ಕಮ್ಮ, ಎನ್ನುವ ಎದುರುಮನೆಯ ಮುದುಕಿ ಬರಿಗಾಲಿನಲ್ಲಿ ಬಂದಳು, ಬಂದವಳೇ ಆಟೋ ಕೂಗಿದಳು. ಆಸ್ಪತ್ರೆಯವರೆಗೂ ಅಕ್ಕನ ತಲೆ ಅವಳ ತೊಡೆಯ ಮೇಲಿತ್ತು.

ಡಾಕ್ಟರು ಮೊದಲು ಸೂಜಿ ಚುಚ್ಚಿದರು. ಆಮೇಲೆ ಕೇಳಿದರು: "ಏನ್ ತಿಂದಾರ? ಯಾವ ಗುಳಿಗಿ?"

ಅಕ್ಕನಿಗೆ ಮಾತು ಬರುತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ. ಖಾಲಾ ಗೋಡೆಯ ಕಡೆ ಮುಖ ಮಾಡಿ ದುವಾ ಹೇಳುತ್ತಿದ್ದಳು.

ಸಂಜೆಯ ಹೊತ್ತಿಗೆ ಅಕ್ಕ ಉಸಿರಾಡುತ್ತಿದ್ದಳು, ಬೈಯುತ್ತಲೂ ಇದ್ದಳು. ಮರುದಿನ ಪಾಠ ಮಾಡುವಾಗ ಕಪ್ಪು ಹಲಗೆಯ ಮೇಲೆ ನನ್ನ ಸೀಮೆಸುಣ್ಣ ಎರಡು ಸಲ ಮುರಿಯಿತು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ನನಗೆ ಒಂದೊಂದು ಮಾತೂ ನೆನಪಿದೆ. "ಈ ಸಲ ಉಳದಾರ. ಅದೇ ಗುಳಿಗಿ ಮತ್ತೊಮ್ಮೆ ಹೊಟ್ಟಿಗೆ ಹೋದ್ರ ಆಟೋ ಹತ್ತಾಕ ಟೈಮ್ ಸಿಗಾಂಗಿಲ್ಲ. ಯಾವುದು ಅಂತ ಪತ್ತೆ ಹಚ್ರಿ. ಅಲ್ಲಿತನಕ ಯಾವ ಗುಳಿಗೀನೂ ಬ್ಯಾಡ."

ಹಲ್ಲು ಮಾತ್ರ ಇದ್ದಲ್ಲೇ ಇತ್ತು. ಶಹಾಪುರದಲ್ಲಿ ನನಗೆ ಗೊತ್ತಿರುವ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಬಾಯಿ ನೋಡಿ, ಆಸ್ಪತ್ರೆಯ ಚೀಟಿ ನೋಡಿ, ಕೈಗವಸು ಬಿಚ್ಚಿಟ್ಟರು. "ಕೀಳೋದು ದೊಡ್ಡ ಮಾತಲ್ರಿ. ಕಿತ್ತ ಮ್ಯಾಲೆ ನೋವಿಗೆ ಏನ್ ಕೊಡ್ಲಿ? ಕಣ್ಣು ಮುಚ್ಕೊಂಡು ಕೊಡ್ಲೇನು? ಯಾವುದು ಅಂತ ತಿಳ್ಕೊಂಡು ಬರ್ರಿ."

ಔಷಧಿಯಿಂದ ಯಾರಿಗಾದರೂ ಹೀಗಾದರೆ ಆಸ್ಪತ್ರೆಯವರು ಔಷಧ ನಿಯಂತ್ರಣದ ಕಚೇರಿಗೆ ತಿಳಿಸಬೇಕು. ಊರೂರಿನಿಂದ ಬಂದ ಇಂಥ ವರದಿಗಳನ್ನು ಕೂಡಿಸಿ ನೋಡಿದಾಗಲೇ ಯಾವ ಔಷಧಿಯ ಮೇಲೆ ಕಣ್ಣಿಡಬೇಕು, ಯಾರಿಗೆ ಎಚ್ಚರಿಕೆ ಕೊಡಬೇಕು ಎಂಬುದು ತಿಳಿಯುತ್ತದಂತೆ. ನಮ್ಮ ಡಾಕ್ಟರು ತಿಳಿಸಿದ್ದರು. ಕೆಲವು ದಿನಗಳಲ್ಲಿ ಯಾದಗಿರಿಯಿಂದ ಒಬ್ಬ ಅಧಿಕಾರಿ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಜೀಪಿನಲ್ಲಿ ಬಂದರು, ಹಿಂದೆ ಫೈಲು ಹಿಡಿದ ಜವಾನ.

ಅಕ್ಕನ ಗಲ್ಲಿಯಲ್ಲಿ ಸರಕಾರಿ ಜೀಪು ನಿಲ್ಲಲು ಜಾಗವೂ ಇಲ್ಲ. ಅದು ಹಿಂದೆ ಮುಂದೆ ಸರಿಯುತ್ತಿರುವಾಗಲೇ ಸುದ್ದಿ ಹಬ್ಬಿತು. ತಿರುವಿನ ಮೆಡಿಕಲ್ ಅಂಗಡಿಯವನು ಷಟರ್ ಅರ್ಧ ಎಳೆದ. ಕಟ್ಟೆಯ ಮೇಲೆ ಕೂತ ಹೆಂಗಸರು ಎದ್ದು ಒಳಗೆ ಹೋದರು. "ರೇಡ್ ಆಗ್ಯಾದಂತ" ಎಂದು ಯಾರೋ ಅಂದದ್ದು ನನಗೆ ಒಳಗೇ ಕೇಳಿಸಿತು.

ಮೇಡಂ ಫಾರಂ ತೆರೆದು ಅದರಲ್ಲಿದ್ದ ಪ್ರಶ್ನೆಗಳ ಸಾಲಿನಂತೆ ಕೇಳಿದರು.

"ಗುಳಿಗಿ ಯಾರು ಕೊಟ್ರು?"

"ನಾನೇ ತಂದಿದ್ದೆ" ಎಂದಳು ಅಕ್ಕ.

"ಎಲ್ಲಿಂದ?"

"ಬಸ್‌ಸ್ಟ್ಯಾಂಡ್ ಕಡಿಂದ."

"ಯಾವ ಅಂಗಡಿ?"

"ನಾನೇನು ಬೋರ್ಡ್ ಓದ್ಕೊಂತ ಹೋಗ್ತೀನೇನ್ರಿ?"

ಗಲ್ಲಿಗೆಲ್ಲ ಪೇಪರು ಓದಿ ಹೇಳುವವಳು ನಮ್ಮ ಅಕ್ಕ. ಬಿಲ್ಲು ಇಲ್ಲ, ಗುಳಿಗೆಯ ಹೆಸರು ಗೊತ್ತಿಲ್ಲ, ಸ್ಟ್ರಿಪ್ ಪಟ್ಟಿಯ ಮೇಲಿನ ಬ್ಯಾಚ್ ನಂಬರ್ ಅಂತೂ ಇಲ್ಲವೇ ಇಲ್ಲ. ಮೇಡಂ ಗಲ್ಲಿಯ ಮನೆಮನೆಗೂ ಹೋದರು; ಎದುರುಮನೆಯಲ್ಲಿ, ಅದರ ಪಕ್ಕದಲ್ಲಿ, ಅದರಾಚೆ, ಎಲ್ಲ ಕಡೆಯೂ ಒಂದೇ ಉತ್ತರ: ನಾವು ಯಾರಿಗೂ ಗುಳಿಗೆ ಕೊಡುವವರಲ್ಲ. ಕೇಳಿ ನನಗೆ ನಗು ಬಂತು. ಆ ಗಲ್ಲಿಯಲ್ಲಿ ತಲೆನೋವು ಎಂದವಳಿಗೆ ಗುಳಿಗೆ ಕೊಡದವರು ಯಾರೂ ಇಲ್ಲ. ಮೆಡಿಕಲ್‌ನವನು ಕತ್ತರಿಯಿಂದ ಪಟ್ಟಿ ಕತ್ತರಿಸಿ ಎರಡೆರಡು ಗುಳಿಗೆ ಮಾರುತ್ತಾನೆ. ಆ ಎರಡರಲ್ಲಿ ಒಂದು ಪಕ್ಕದ ಮನೆಗೆ ಹೋಗುತ್ತದೆ. "ನನಗ ಗುಣಾಗ್ಯಾದ, ನೀನೂ ತಗೋ" ಎನ್ನುವುದೇ ಅಲ್ಲಿನ ವೈದ್ಯ. ಹೆಸರು, ನಂಬರ್ ಎಲ್ಲ ಪಟ್ಟಿಯ ಯಾವುದೋ ಮೂಲೆಯ ಚೂರಿನಲ್ಲಿ ಉಳಿದಿರುತ್ತದೆ.

ಮೇಡಂ ಫಾರಂನ ಖಾಲಿ ಜಾಗಗಳಲ್ಲೆಲ್ಲ "ಮಾಹಿತಿ ಲಭ್ಯವಿಲ್ಲ" ಎಂದು ಬರೆದರು. ಬರೆಯುವಾಗ ಅವರ ಮುಖ ಸಪ್ಪಗಾಯಿತು. ಸಾಕ್ಷಿಯೆಂದು ನನ್ನ ಫೋನ್ ನಂಬರ್ ತೆಗೆದುಕೊಂಡು ಹೋದರು.

ಜೀಪು ಹೋದ ಮೇಲೆ ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದುಕೊಂಡೆ. "ಜೀವದ ಮಾತದ. ಯಾರು ಕೊಟ್ರು ಹೇಳು."

"ಹೇಳಿದ್ರ ಆಕಿ ಮನಿಗಿ ಜೀಪ್ ಹೋಗ್ತದ."

"ಹೋಗ್ಲಿ."

"ನೀ ಸಾಲಿ ಕಲ್ಸಾಕಿ, ನಿನಗ ಹಂಗ ಅನಸ್ತದ. ನೋವಿನಾಗ ಒದ್ದಾಡಾಕತ್ತಿದ್ದೆ, ಕೈಯಾಗ ಇಟ್ಲು. ವಿಷ ಕೊಟ್ಟಾಳೇನು? ಆಕಿನ್ನ ಕೇಳೀನಿ, ಅಂಥಾ ಗುಳಿಗಿ ಇನ್ನೊಂದು ಉಳದದೇನು ಅಂತ. ಇಲ್ಲ ಅಂದ್ಲು, ಅತ್ಲು. ಅಳಾಕಿನ್ನ ಇನ್ನೇನ್ ಕೇಳ್ಲಿ?"

ಆ ವಾರಗಳು ಕಷ್ಟದವು. ಅಕ್ಕ ತಲೆಯನ್ನು ಒಂದು ಕಡೆ ವಾಲಿಸಿ, ಒಂದೇ ದವಡೆಯಲ್ಲಿ ಗಂಜಿ ಉಣ್ಣುತ್ತಿದ್ದಳು. ವಸಡಿನಲ್ಲಿ ಕೀವಾಯಿತು. ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಖಾಲಾ ದಿನಾ ಏನಾದರೂ ಮೆತ್ತಗಿನದು ಮಾಡಿಕೊಂಡು ಬರುತ್ತಿದ್ದಳು, ಖಿಚಡಿ, ಶಾವಿಗೆ ಖೀರು. ಮೊದಲು ಬಂದರೆ ಎದ್ದು ಹೋಗದವಳು ಈಗ ಬಟ್ಟಲು ಇಟ್ಟು ಹೋಗಿಬಿಡುತ್ತಿದ್ದಳು. ಇದನ್ನು ನಾನು ಗಮನಿಸಿದೆ. ಆದರೆ ಗಮನಿಸಿದ್ದೆಲ್ಲ ಸಾಕ್ಷಿಯಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ.

ಒಂದು ದಿನ ಮೇಡಂ ಫೋನ್ ಮಾಡಿದರು.

"ಟೀಚರ್, ನಿಮ್ಮ ಅಕ್ಕಾರು ನನಗ ಸುಳ್ಳು ಹೇಳ್ಯಾರ."

"ಹೌದ್ರಿ" ಎಂದೆ.

"ಬ್ಯಾಸರ ಇಲ್ರಿ. ನಾನೇ ಜೀಪ್ ತಗೊಂಡು ಹೋಗಿ, ಯಾರು ಕೊಟ್ರು ಅಂತ ಮೊದಲು ಕೇಳಿದೆ. ಕಳ್ಳನ್ನ ಹುಡುಕಾಕ ಹೋದಂಗಾತು. ಹಳೇ ವರದಿ ತೆಗದು ನೋಡಿದೆ, ಎಲ್ಲಾದ್ರಾಗೂ ಅದೇ ಜಾಗ ಖಾಲಿ. ಎಲ್ಲಾ ಊರಾಗೂ ಜನ ಯಾರನ್ನೋ ಕಾಪಾಡಾಕತ್ತಾರ. ಆ ಕಾಗದ ಮ್ಯಾಲೆ ಹೋಗ್ತಾವ, ತಿರುಗಿ ಪೇಷಂಟ್ ಕೈಗಿ ಏನೂ ಬರಾಂಗಿಲ್ಲ. ಹಂಗಾರ ಅವ್ರು ಯಾಕ ಖರೇ ಹೇಳ್ತಾರ?" ಆಮೇಲೆ ಕೇಳಿದರು: "ನಾನು ಇನ್ನೊಮ್ಮೆ ಬರ್ಲೇನ್ರಿ? ಈ ಸಲ ಬಸ್ಸಿಗಿ ಬರ್ತೀನಿ."

ಬಸ್ಸಿಗೇ ಬಂದರು. ಜವಾನ ಇರಲಿಲ್ಲ, ಫೈಲೂ ಕಾಣಲಿಲ್ಲ. ಅಕ್ಕನ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ನೋಡಲು ಬಂದ ಹೆಂಗಸರಿಗೆ ಹೇಳಿದರು: "ಮನ್ಯಾಗ ಉಳದ ಗುಳಿಗಿ ಎಲ್ಲ ತಂದು ಒಂದು ಮೊರದಾಗ ಹಾಕ್ರಿ. ಯಾರದು, ಯಾರು ಕೊಟ್ಟಿದ್ದು, ನಾ ಕೇಳಾಂಗಿಲ್ಲ. ಹೆಸರು ಬರ್ಯಾಂಗಿಲ್ಲ. ಬರೀಬೇಕಂತ ನಿಯಮಾನೂ ಇಲ್ಲ, ನಾವೇ ಬರಕೊಂತ ಬಂದೀವಿ. ಅವಧಿ ಮುಗದಿದ್ದು ನಾ ಒಯ್ದು ನಾಶ ಮಾಡಸ್ತೀನಿ. ಈ ಅಕ್ಕಾಗ ಆಗಿ ಬರಲಾರದ ಗುಳಿಗಿ ಯಾವುದಂತ ತಿಳದ್ರ ಆಕಿ ಹಲ್ಲು ಕೀಳಸ್ಕೊಂತಾಳ. ಅಷ್ಟ ನನಗ ಬೇಕಾಗಿದ್ದು."

"ಕೇಸ್ ಏನೂ ಆಗಾಂಗಿಲ್ಲೇನ್ರಿ?" ಒಬ್ಬಳು ಕೇಳಿದಳು.

"ಯಾರ ಮ್ಯಾಲ ಹಾಕ್ಲವ್ವ? ಮೊರದ ಮ್ಯಾಲೇನು?"

ಹೆಂಗಸರು ನಕ್ಕರು. ಗುಳಿಗೆ ತರುವ ಹೊತ್ತಿಗೆ ಮೇಡಂ ಅಲ್ಲಿರಲೂ ಇಲ್ಲ. ಮೊರವನ್ನು ಪಡಸಾಲೆಯಲ್ಲಿಟ್ಟು ಮೆಡಿಕಲ್ ಅಂಗಡಿಗೆ ಹೋಗಿ ಕೂತರು. ನನ್ನನ್ನೂ ಜೊತೆಗೆ ಕರೆದುಕೊಂಡರು, ನಾನು ನೋಡಬಾರದೆಂದು. ಆದ್ದರಿಂದ ಯಾರು ಏನು ತಂದರೆಂಬುದಕ್ಕೆ ನಾನು ಸಾಕ್ಷಿಯಲ್ಲ. ತಿರುಗಿ ಬಂದಾಗ ಮೊರ ತುಂಬಿತ್ತು. ಗುಲಾಬಿ, ಹಳದಿ, ಬಿಳಿ, ಕತ್ತರಿಸಿದ ಪಟ್ಟಿಯ ಚೂರುಗಳು, ಕಾಗದದ ಪೊಟ್ಟಣಗಳು. ಒಂದು ಅಂಗಿಗುಂಡಿ. ಯಾರದೋ ಮೊಮ್ಮಗನ ಪೆಪ್ಪರಮೆಂಟು.

ಅಕ್ಕ ಮೊರದ ಮುಂದೆ ಕೂತು ಅಕ್ಕಿ ಆರಿಸುವಂತೆ ಆರಿಸಿದಳು. ಬಹಳ ಹೊತ್ತು. ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದಳು. ಇಟ್ಟಿಗೆ ಬಣ್ಣದ, ಉದ್ದನೆಯ, ನಡುವೆ ಗೆರೆಯಿರುವ ಗುಳಿಗೆ.

"ಇದಾ" ಎಂದಳು. ಯಾರ ಕಡೆಯೂ ನೋಡಲಿಲ್ಲ. "ಗಂಟಲದಾಗ ಇಳ್ಯಾಂಗಿಲ್ಲಂತ ಈ ಗೆರಿಗಿ ಮುರದು ಎರಡು ತುಂಡು ಮಾಡಿ ನುಂಗೀನಿ. ಇದಾ."

ಮೊರದಲ್ಲಿ ಅದೇ ಗುಳಿಗೆಯ ಇನ್ನೊಂದು ಚೂರು ಸಿಕ್ಕಿತು. ಮೇಡಂ ಎರಡನ್ನೂ ಜೋಡಿಸಿ ನೋಡಿದರು. ಕತ್ತರಿಯ ಓರೆ ಗುರುತು ಒಂದಕ್ಕೊಂದು ಕೂಡಿತು. ಎರಡನೆಯದರ ಅಂಚಿನಲ್ಲಿ ಔಷಧಿಯ ಹೆಸರೂ ನಂಬರೂ ಇದ್ದವು.

"ಇದೇ ಗುಳಿಗಿ ಮತ್ಯಾರು ನುಂಗೀರಿ? ಕೈ ಎತ್ತಬ್ಯಾಡ್ರಿ, ಬಾಯಿಲೆ ಹೇಳ್ರಿ. ಏನಾದ್ರೂ ತ್ರಾಸ ಆತೇನು?"

"ನನಗೇನಾಗಿಲ್ರಿ." "ನನಗೂ ಆಗಿಲ್ಲ, ಮೊಣಕಾಲ ಹಗುರಾತು." ಹಿಂದಿನಿಂದಲೂ ಒಂದು ದನಿ, ತೀರಾ ಸಣ್ಣಗೆ: "ಮೈ ಭೀ ಖಾಯೀ... ನಾನೂ ನುಂಗೀನಿ, ನನಗೂ ಏನೂ ಆಗಿಲ್ಲ ಮೇಡಂ."

ಮೇಡಂ ಎಲ್ಲವನ್ನೂ ಬರೆದುಕೊಂಡರು. ಒಂದು ಹೆಸರನ್ನೂ ಬರೆಯಲಿಲ್ಲ.

ಆ ನಂಬರಿನ ಗುಳಿಗೆಗಳು ಪರೀಕ್ಷೆಗೆ ಹೋದವು, ಏನೂ ದೋಷವಿಲ್ಲವೆಂದು ಬಂತು. ಗುಳಿಗೆ ಸರಿಯಾಗಿಯೇ ಇತ್ತು, ಅಕ್ಕನ ಮೈಗೆ ಒಗ್ಗಲಿಲ್ಲ, ಅಷ್ಟೇ. ಕಲಬುರಗಿಯ ದೊಡ್ಡ ಡಾಕ್ಟರಿಗೆ ತೋರಿಸಿ, ಅದೂ ಅದರ ಜಾತಿಯ ಬೇರೆ ಔಷಧಿಗಳೂ ಕೂಡದೆಂದು, ಯಾವುದು ಕೊಡಬಹುದೆಂದು ಬರೆಸಿಕೊಂಡು ಬಂದೆವು. ಮೇಡಂ ಅದನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಒಂದು ಕಾರ್ಡಿನ ಮೇಲೆ ಮಾಡಿಸಿ ಅಕ್ಕನಿಗೆ ಕೊಟ್ಟರು. ತಾಲೂಕಿನ ಡಾಕ್ಟರುಗಳಿಗೂ ಮೆಡಿಕಲ್ ಅಂಗಡಿಗಳಿಗೂ ಸೂಚನೆ ಹೋಯಿತು: ಇಂಥ ಔಷಧಿಯಿಂದ ಹೀಗಾದದ್ದಿದೆ, ಕೊಡುವ ಮೊದಲು ಕೇಳಿ ಎಂದು. ಅದರಲ್ಲಿ ಅಕ್ಕನ ಹೆಸರಾಗಲಿ ಗಲ್ಲಿಯಾಗಲಿ ಇರಲಿಲ್ಲ. ತಿರುವಿನ ಅಂಗಡಿಯವನು ಈಗ ಎರಡೇ ಗುಳಿಗೆ ಕತ್ತರಿಸಿದರೂ ಪೊಟ್ಟಣದ ಮೇಲೆ ಹೆಸರು, ನಂಬರ್ ಬರೆದುಕೊಡುತ್ತಾನೆ. ಬರೆಯುವಾಗ ಗೊಣಗುತ್ತಾನೆ. ಮೇಡಂ ಕಚೇರಿಯಲ್ಲಿ ಫಾರಂನ ಪ್ರಶ್ನೆಗಳ ಸಾಲು ಬದಲಾಗಿಲ್ಲ. ಅದು ಅವರ ಕೈಯಲ್ಲಿಲ್ಲ. "ಆದ್ರ ಯಾವುದು ಮೊದಲು ಕೇಳಬೇಕು ಅನ್ನೋದು ನನ್ನ ಬಾಯಾಗ ಅದ" ಎಂದು ನಗುತ್ತಾರೆ.

ಹಲ್ಲು ಕೀಳಿಸುವ ದಿನ ಶಹಾಪುರಕ್ಕೆ ಖಾಲಾ ತಾನೂ ಬರುತ್ತೇನೆಂದಳು. ಡಾಕ್ಟರು ಕಾರ್ಡನ್ನು ಎರಡು ಸಲ ಓದಿ, ಹಲ್ಲು ಕಿತ್ತು, ಹತ್ತಿ ಇಟ್ಟು, ಕೊಡಬಹುದೆಂದು ಬರೆದಿದ್ದ ನೋವಿನ ಗುಳಿಗೆಯನ್ನು ತಾವೇ ಬಿಡಿಸಿ ಅಕ್ಕನ ಕೈಗಿಟ್ಟರು. "ನುಂಗಿ ಇಲ್ಲೇ ಹೊರಗ ಕೂಡ್ರಿ. ನಾ ಹೇಳೋತನಕ ಏಳಬ್ಯಾಡ್ರಿ."

ಅಕ್ಕ ನುಂಗಿದಳು. ಈ ಸಲ ನಾನು ಗುಳಿಗೆಯನ್ನು ನೋಡಿದೆ, ಬಿಳಿ, ದುಂಡನೆಯದು. ಬೆಂಚಿನ ಮೇಲೆ ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಖಾಲಾ. ನಾನು ಅವಳ ಕಿವಿಗಳನ್ನು ನೋಡುತ್ತಿದ್ದೆ. ಖಾಲಾ ತುಟಿಯನ್ನು.

"ಏನ್ ಸಿನಿಮಾ ನೋಡಾಕ ಬಂದೀರೇನು?" ಅಕ್ಕ ಹತ್ತಿಯ ನಡುವಿನಿಂದ ಗದರಿದಳು.

ಖಾಲಾ ಅವಳ ಅಂಗೈ ಹಿಡಿದುಕೊಂಡು ಅದನ್ನು ಮೇಲೆ ಕೆಳಗೆ ತಿರುವಿ ನೋಡಿದಳು. ಆಮೇಲೆ ಅಂದಳು: "ಬೇಟಿ, ಆ ಗುಳಿಗಿ ನಂದು. ಮಗ ಕಡೇಚೂರಾಗ ಕೆಲಸ ಮಾಡ್ತಾನಲ್ಲ, ಆ ಕಂಪನಿ ದವಾಖಾನ್ಯಾಗ ಕೆಲಸಗಾರರಿಗಿ ಕೊಡೋದನ್ನ ತಂದು ಕೊಟ್ಟಿದ್ದ, ನನ್ನ ಮೊಣಕಾಲಿಗಿ. ನಾನೇ ಕತ್ತರಿಲೆ ಕತ್ತರಿಸಿ ಎಲ್ಲಾರಿಗೂ ಹಂಚಿದ್ದೆ. ದವಾಖಾನ್ಯಾಗೇ ಅಂಜಿದ್ದೆ, ಜೀಪ್ ನೋಡಿ ಅವನ ನೌಕರಿ ಹೋಗ್ತದಂತ ಮತ್ತೂ ಅಂಜಿದೆ. ಖುದಾ ಕಸಮ್, ನಿನಗ ಏನಾರ ಆಗಿದ್ರ..."

"ಗೊತ್ತದ, ಸುಮ್ಕಿರು" ಎಂದಳು ಅಕ್ಕ. "ಮಾತಾಡಬ್ಯಾಡ ಅಂದಾರ ಡಾಕ್ಟರ್."

"ನಿನಗ ಅಂದಾರ. ನನಗಲ್ಲ."

ಅಕ್ಕ ನಗಲು ಹೋಗಿ ದವಡೆ ಹಿಡಿದುಕೊಂಡಳು. ಎದೆಯಿಂದ ಸೀಟಿಯ ಸದ್ದು ಬರುತ್ತದೋ ಎಂದು ನಾನು ಕಿವಿಗೊಟ್ಟೆ. ಬರಲಿಲ್ಲ. ಬಂದದ್ದು ನಗು, ಹತ್ತಿಯಲ್ಲಿ ಸಿಕ್ಕಿಕೊಂಡ ನಗು. ಡಾಕ್ಟರು ಬಾಗಿಲಿಗೆ ಬಂದು ಅವಳ ಮುಖ ನೋಡಿ, ಇನ್ನು ಹೋಗಬಹುದು ಎಂದರು. ನಾವು ಮೂವರೂ ಇನ್ನಷ್ಟು ಹೊತ್ತು ಅಲ್ಲೇ ಕೂತಿದ್ದೆವು.