ಆಯುಧಪೂಜೆಯ ಸಾಲಿನಲ್ಲಿ ಹಾಡಿನ ಡಬ್ಬ

ನಂಜನಗೂಡಿನ ನಮ್ಮ ಮನೆಯಲ್ಲಿ ಟಿವಿಯ ಪಕ್ಕ ಒಂದು ಕಪ್ಪು ಡಬ್ಬ ಇದೆ. ಒಳಗೆ ಎರಡು ಹಾರ್ಡ್ ಡಿಸ್ಕ್. ಮನೆಯ ವೈಫೈಗೆ ಸೇರಿಕೊಂಡು ಫೋಟೊ, ಕಾಗದಪತ್ರ, ಹಾಡು ಎಲ್ಲವನ್ನೂ ಇಟ್ಟುಕೊಳ್ಳುತ್ತದೆ. ಮನೆಯ ಯಾವ ಫೋನಿನಿಂದ ಕೇಳಿದರೂ ತೆಗೆದುಕೊಡುತ್ತದೆ. ಅವ್ವ ಅದನ್ನು ಹಾಡಿನ ಡಬ್ಬ ಎನ್ನುತ್ತಾಳೆ.

ಹಾಗನ್ನಲು ಕಾರಣವಿದೆ. ತಾಂಡವಪುರದಲ್ಲಿದ್ದಾಗ ಅವ್ವ ಸುತ್ತಲ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದಳು. ಆಮೇಲೆ ಕೊರಳಿನ ಗಡ್ಡೆಗೆ ಆಪರೇಷನ್ ಎಂದಾಯಿತು. ಆಸ್ಪತ್ರೆಯವರು ಕೊಟ್ಟ ಒಪ್ಪಿಗೆ ಪತ್ರವನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ದನಿ ಬದಲಾಗಬಹುದು ಎಂಬ ಸಾಲು ಬಂದಾಗ ಅವ್ವ ತಡೆದಳು.

"ಅದ ಇನ್ನೊಂದ್ಸಲ ಓದವ್ವ."

ಓದಿದೆ. ಆ ದಿನ ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಮನೆಗೆ ಬಂದು, ನೆನಪಿದ್ದ ಹಾಡನ್ನೆಲ್ಲ ನನ್ನ ಫೋನಿಗೆ ಹಾಡಿ ಮುಗಿಸಿ, ಆಮೇಲೆ ಹೋಗಿ ಒತ್ತಿದಳು. ಆಪರೇಷನ್ ಚೆನ್ನಾಗಿಯೇ ಆಯಿತು. ದನಿ ಮಾತ್ರ ಪಿಸುಮಾತಿಗಿಂತ ತುಸು ಮೇಲೆ ನಿಂತುಬಿಟ್ಟಿತು. ಆ ಫೋನು ಕೆಟ್ಟ ಮೇಲೆ ಹಾಡುಗಳು ಉಳಿದದ್ದು ಡಬ್ಬದಲ್ಲಿ ಮಾತ್ರ. ಒಂದು ಡಿಸ್ಕಿನಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ, ಸಾಕು ಎಂದುಕೊಂಡಿದ್ದೆ.

ಅಕ್ಕನನ್ನು ಕೊಟ್ಟಿರುವುದು ಟಿ. ನರಸೀಪುರಕ್ಕೆ. ಹೋದ ವರ್ಷ ಅವಳ ಮಗಳ ಮದುವೆ ದೀಪಾವಳಿ ಕಳೆದ ಮೇಲೆ ಎಂದು ನಿಶ್ಚಯವಾಯಿತು. ಅವ್ವನ ಹಾಡು ಕೇಳಿಯೇ ಕಲಿತು ಹಾಡುತ್ತೇವೆಂದು ಅಲ್ಲಿಯ ಹೆಂಗಸರು ಕೂತಿದ್ದರು. ಅದೇ ಹೊತ್ತಿಗೆ ಡಬ್ಬಕ್ಕೆ ಹೊಸ ಫರ್ಮ್‌ವೇರ್ ಬಂತು. ಡಬ್ಬವನ್ನು ಒಳಗಿಂದ ನಡೆಸುವ ತಂತ್ರಾಂಶ ಅದು. ಇನ್ನುಮುಂದೆ ಅಳಿಸಿದ ಕಡತ ತಿಂಗಳ ಕಾಲ ಕಸದಬುಟ್ಟಿಯಲ್ಲೇ ಕಾಯುತ್ತದಂತೆ. ಫೋಟೊಗಳನ್ನು ಮುಖ ನೋಡಿ ವಿಂಗಡಿಸುತ್ತದಂತೆ. ನನಗೆ ಬೇಕಾದದ್ದು ಬೇರೆ: ಒಂದು ಕೊಂಡಿ ಕಳಿಸಿದರೆ ಬೇರೆ ಊರಿನವರೂ ತಮ್ಮ ಫೋನಿನಲ್ಲಿ ನೇರವಾಗಿ ಹಾಡು ಕೇಳಬಹುದಿತ್ತು. ಆಯುಧಪೂಜೆಯ ದಿನ ನಾನು ಕೆಲಸ ಮಾಡುವ ಕಾಲೇಜಿಗೆ ರಜೆ. ಬೆಳಿಗ್ಗೆಯೇ ಅಪ್‌ಡೇಟ್ ಹಾಕಿದೆ. ಮುಗಿಯುವವರೆಗೆ ಕರೆಂಟು ತೆಗೆಯಬೇಡಿ ಎಂದು ಪರದೆಯ ಮೇಲೆ ಬಂತು. ಓದಿಕೊಂಡು ಸ್ಕೂಟರ್ ತೊಳೆಯಲು ಹೊರಗೆ ಹೋದೆ.

ಒಳಗೆ ಬಂದಾಗ ದೇವರ ಮುಂದೆ ಸಾಲು ಸಿದ್ಧವಾಗಿತ್ತು. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಮಿಷನ್ನಿನ ತಲೆ. ಮಿಕ್ಸಿಗೂ ಹೊಲಿಗೆ ಮಿಷನ್ನಿಗೂ ನಡುವೆ ನಮ್ಮ ಡಬ್ಬ. ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿಯ ಮೂರು ಪಟ್ಟೆ ಎಳೆದು, ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ.

"ಅವ್ವ, ಇದ್ಯಾಕೆ ಇಲ್ಲಿಗೆ ಬಂತು?"

"ಅದೂ ಮಿಷನ್ನೇ ತಾನೆ? ವರ್ಸವೆಲ್ಲ ಅಗಲೂ ರಾತ್ರಿ ದುಡೀತದ. ಅಬ್ಬದ ದಿನವೂ ದೀಪ ಪಟಪಟ ಬಡ್ಕೊತಿತ್ತು, ಪಾಪ. ವಸಿ ಸುಮ್ಮಿರ್ಲಿ ಅಂತ ವೈರು ಕಿತ್ತೆ."

ಎತ್ತಿಕೊಂಡು ಹೋಗಿ ಮತ್ತೆ ಕರೆಂಟು ಕೊಟ್ಟೆ. ಕಿತ್ತಳೆ ದೀಪ ಹತ್ತಿತು, ಹಾಗೇ ನಿಂತಿತು. ಹಸಿರಾಗಲಿಲ್ಲ. ವೈರು ಕಿತ್ತದ್ದರಿಂದ ಅಪ್‌ಡೇಟ್ ಅರ್ಧಕ್ಕೇ ನಿಂತಿದೆ ಎಂದು ಅವ್ವನಿಗೆ ಹೇಳಿದೆ. ಅವಳು ಸೆರಗಿನ ತುದಿ ಹಿಡಿದುಕೊಂಡು ನಿಂತಳು.

"ಆಡು?"

"ಗೊತ್ತಿಲ್ಲ ಅವ್ವ. ನೋಡ್ಬೇಕು."

"ಅಂಗಾರೆ ಪೂಜೆಗೆ ಇಟ್ಬುಡು. ನಾಳೆ ನೋಡು."

ಸಾಲಿನಲ್ಲಿ ಇಟ್ಟದ್ದನ್ನು ವಿಜಯದಶಮಿಯ ಪೂಜೆ ಆಗುವವರೆಗೆ ನಮ್ಮಲ್ಲಿ ಮುಟ್ಟುವುದಿಲ್ಲ. ಹಾಳಾಗುವುದಿದ್ದರೆ ಈಗಾಗಲೇ ಆಗಿಹೋಗಿರುತ್ತದೆ ಎಂದು ಲೆಕ್ಕ ಹಾಕಿ ವಾಪಸ್ಸು ಇಟ್ಟೆ. ಸಂಜೆ ಅಕ್ಕನ ಫೋನು.

"ಏನೇ, ಇನ್ನೂ ಬಂದಿಲ್ವಲ್ಲ ಆಡು? ನಮ್ಮ ವಾರಗಿತ್ತೀರೆಲ್ಲ ಎಲೆಅಡ್ಕೆ ಆಕೊಂಡು ಕುಂತವ್ರೆ."

ನಡೆದದ್ದನ್ನು ಹೇಳಿದೆ.

"ಅಯ್ಯೋ, ಅಬ್ಬದ ದಿನ ಮಿಷನ್ ಕೆಣಕು ಅಂತ ಯಾವ ಕಾಲೇಜ್ನಲ್ಲಿ ಏಳ್ಕೊಟ್ರೇ ನಿಂಗೆ? ಓದ್ದೆ ಇರೋ ನಂಗೇ ಗೊತ್ತು." ಆಮೇಲೆ ದನಿ ತಗ್ಗಿಸಿ, "ಅವ್ವನ್ಗೆ ಏನೂ ಅನ್ಬ್ಯಾಡ ಕಣೇ" ಎಂದಳು.

ಮಾರನೆಯ ದಿನ ಪೂಜೆ ಮುಗಿಸಿ ಡಬ್ಬವನ್ನು ಲ್ಯಾಪ್‌ಟಾಪಿಗೆ ಸೇರಿಸಿದೆ. ಪರದೆಯ ಮೇಲೆ ದೊಡ್ಡದೊಂದು ನೀಲಿ ಗುಂಡಿ ಬಂತು: ಹೊಸದಾಗಿ ಶುರುಮಾಡಿ. ಅದರ ಕೆಳಗೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಒಂದಿಷ್ಟು ಬರಹ.

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ತಾಂಡವಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಮೈಸೂರಿಗೆ ಹೋಗಿ ಬಂದು, ಅರ್ಥವಾಗದ ಇಂಗ್ಲಿಷ್ ಪಾಠವನ್ನು ನಿಘಂಟು ಹಿಡಿದು ಓದಿ ಪಡೆದದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಓದು ಕೊಟ್ಟ ಒಂದು ಅಭ್ಯಾಸವೆಂದರೆ, ಸಣ್ಣ ಅಕ್ಷರ ಕಂಡರೆ ನಾನು ಕೊನೆಯವರೆಗೂ ಓದುತ್ತೇನೆ.

ಅವ್ವ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು. "ಜೋರಾಗಿ ಓದು. ಕನ್ನಡದಲ್ಲಿ."

ಓದಿದೆ. ಹೊಸದಾಗಿ ಶುರುಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹಳೆಯದನ್ನು ಉಳಿಸಿಕೊಂಡು ಫರ್ಮ್‌ವೇರ್ ಮಾತ್ರ ಮತ್ತೆ ಹಾಕಬೇಕಾದರೆ ಕೆಳಗಿನ ಸಾಲನ್ನು ಒತ್ತಬೇಕು. ಆದರೂ ಎಲ್ಲವೂ ಉಳಿಯುತ್ತದೆಂಬ ಭರವಸೆ ಇಲ್ಲ.

"ಆ ಕಡೇ ಮಾತ ಇನ್ನೊಂದ್ಸಲ ಓದು."

ಓದಿದೆ. ಅವ್ವ ತಲೆಯಾಡಿಸಿದಳು. "ಆಸ್ಪತ್ರೇಲೂ ಇಂಗೇ ಬರ್ದಿದ್ರು. ಒತ್ತು."

ಕೆಳಗಿನ ಸಾಲನ್ನು ಒತ್ತಿದೆ. ಈ ಸಲ ಇಬ್ಬರೂ ಕೂತಲ್ಲಿಂದ ಏಳಲಿಲ್ಲ. ಒಲೆಯ ಮೇಲಿಟ್ಟಿದ್ದ ಬೇಳೆ ತಳ ಹಿಡಿದ ವಾಸನೆ ಬಂದರೂ ಏಳಲಿಲ್ಲ. ಡಬ್ಬ ಒಮ್ಮೆ ಕೂಗಿತು. ದೀಪ ಹಸಿರಾಯಿತು. ನಾನು ಮಾಡಿಟ್ಟಿದ್ದ ಪಾಸ್‌ವರ್ಡು, ಸೆಟ್ಟಿಂಗು ಎಲ್ಲ ಹೋಗಿದ್ದವು; ಹಾಡುಗಳು ಇದ್ದವು.

ಅಕ್ಕನಿಗೆ ಕೊಂಡಿ ಕಳಿಸಿದೆ. ಹಬ್ಬ ಕಳೆದು ಅಂಗಡಿ ತೆರೆದ ದಿನವೇ ಬೇರೊಂದು ಡಿಸ್ಕ್ ತಂದು ಇನ್ನೊಂದು ಪ್ರತಿ ಮಾಡಿ, ನರಸೀಪುರದ ಅಕ್ಕನ ಬೀರುವಿನಲ್ಲಿ ಇಡಿಸಿದ್ದು ಆಮೇಲಿನ ಮಾತು. ಆಗ ಮಾಡಿದ್ದೆಂದರೆ, ಅವ್ವನಿಗೆ ಮೊದಲ ಹಾಡನ್ನು ಹಾಕಿದ್ದು. ಆಪರೇಷನ್ನಿಗೆ ಮುಂಚಿನ ದನಿ ಮನೆ ತುಂಬಿತು. ಅವ್ವ ಬೇರೆ ಯಾರದೋ ಹಾಡು ಕೇಳುವವಳಂತೆ ಮುಖ ಗಂಟಿಕ್ಕಿ ಕೇಳಿದಳು.

"ನಡುವೆ ಒಂದು ಸೊಲ್ಲ ನುಂಗ್ಬುಟ್ಟಿದ್ದೀನಿ. ಫೋನ್ ಮಾಡು ನಿಮ್ಮಕ್ಕನ್ಗೆ."

ಮಾಡಿದೆ. ಅವ್ವ ಫೋನನ್ನು ಬಾಯಿಗೆ ಒತ್ತಿಕೊಂಡು ಬಿಟ್ಟುಹೋಗಿದ್ದ ಸೊಲ್ಲನ್ನು ಪಿಸುದನಿಯಲ್ಲಿ ಹೇಳಿದಳು. ಆ ಕಡೆಯಿಂದ ಅಕ್ಕ ಗಂಟಲು ಬಿಟ್ಟು ಹಾಡಿದಳು. ಹಿಂದೆ ವಾರಗಿತ್ತಿಯರು ನಗುವುದು ಕೇಳಿಸಿತು. ಅವ್ವ ನನ್ನ ಕಡೆ ನೋಡಿ ಇಲ್ಲ ಎಂಬಂತೆ ತಲೆಯಾಡಿಸಿ, ಫೋನಿಗೆ ಹೇಳಿದಳು:

"ಅಂಗಲ್ಲ ಕಣೇ. ಎಳೀಬೇಕು. ಇನ್ನೊಂದ್ಸಲ."