ಹತ್ತಿಯೊಳಗಿನ ಹೂಂ

ಹಲ್ಲಿನ ಡಾಕ್ಟರ ಹತ್ತಿರ ಚೌಕಾಸಿ ಮಾಡಬೇಡಿ. ನಾನು ಮಾಡಿ ಬಂದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಎಡಗಡೆಯ ಬುದ್ಧಿಹಲ್ಲು ಅಡ್ಡ ಬೆಳೆದಿತ್ತು. ಕೊಯ್ದೇ ತೆಗೆಯಬೇಕು ಎಂದರು ಡಾಕ್ಟರ್ ಮೇಡಂ. ಬಲಗಡೆಯದೂ ಒಂದಲ್ಲ ಒಂದು ದಿನ ಕಾಡೀತು ಎಂದರು. ‘ಎರಡೂ ಒಟ್ಟಿಗೆ ತೆಗೆಸಿದರೆ ಎಷ್ಟು ಬಿಡುತ್ತೀರಿ?’ ಎಂದೆ. ನಕ್ಕರು, ಸ್ವಲ್ಪ ಬಿಟ್ಟರು. ಫಲ? ಎರಡೂ ಕೆನ್ನೆ ಊದಿಸಿಕೊಂಡು ಪುಣೆಯ ಕೋಥರೂಡಿನ ಮನೆಗೆ ಬಂದೆ. ಒಂದೇ ಕಡೆ ತೆಗೆಸಿದ್ದರೆ ಇನ್ನೊಂದು ಕಡೆಯಿಂದ ಅಗಿಯಬಹುದಿತ್ತು ಎಂಬುದು ಹೊಳೆದದ್ದು ಆಮೇಲೆ.

ಬಾಯಲ್ಲಿ ಎರಡೂ ಕಡೆ ಹತ್ತಿ. ಒಂದು ತಾಸು ಕಚ್ಚಿ ಹಿಡಿಯಬೇಕು, ಮಾತು ಕೂಡದು. ಸೋಫಾಕ್ಕೆ ಒರಗಿದ್ದೆ. ಹೆಂಡತಿ ಸುಮಾ ಎರಡೂ ಕೆನ್ನೆಗೆ ಐಸ್ ಹಿಡಿದು ಕೂತಿದ್ದಳು.

‘ರೀ, ಸ್ಕೂಟರ್ ಕೀಲಿ ಇನ್ಮ್ಯಾಲ ನನ್ನ ಹತ್ರ ಇರಲೇನ್ರಿ?’

ಅವಳು ಗಾಡಿ ಓಡಿಸುವುದು ನನಗೆ ಬೇಡ. ಪುಣೆಯ ಟ್ರಾಫಿಕ್ ನೋಡಿದ್ದೀರಲ್ಲ? ಹೋಗಬೇಕಾದರೂ ಎಲ್ಲಿಗೆ? ಅವಳ ಅಕ್ಕ ಇಲ್ಲೇ ಪಕ್ಕದ ವಾರ್ಜೆ ಬಡಾವಣೆಯಲ್ಲಿದ್ದಾಳೆ. ಮೊಣಕಾಲು ನೋವು, ಮೆಟ್ಟಿಲು ಇಳಿಯಲಾರಳು. ಭಾನುವಾರ ನಾನೇ ಸುಮಾಳನ್ನು ಬಿಟ್ಟು ಕೆಳಗೆ ಕಾಯುತ್ತೇನೆ. (ಅರ್ಧ ತಾಸಿಗೆ ಹಾರ್ನ್ ಹೊಡೆಯುತ್ತೇನೆ, ಅದೂ ನಿಜ.)

‘ಉಹುಂ’ ಎಂದೆ. ಹತ್ತಿಯ ನಡುವಿನಿಂದ ಹೊರಬಿದ್ದದ್ದು ‘ಹೂಂ’. ತಲೆ ಅಲ್ಲಾಡಿಸೋಣವೆಂದರೆ ಅದು ಅವಳ ಎರಡು ಕೈಗಳ ನಡುವೆ ಇತ್ತು.

‘ಹೂಂ ಅಂದ್ರಿ ನೋಡ್ರಿ. ವ್ಯವಹಾರದಾಗ ಒಮ್ಮೆ ಆಡಿದ ಮಾತು ತಿರುಗಸಬಾರದು ಅಂತ ನೀವಽ ಹೇಳ್ತೀರಿ.’

ಹೇಳಿ ಪರ್ಸಿನಿಂದ ಲೈಸೆನ್ಸ್ ತೆಗೆದು ತೋರಿಸಿದಳು! ಎದುರು ಮನೆಯ ಮರಾಠಿ ವಹಿನಿಯ ಜೊತೆ ತಿಂಗಳುಗಟ್ಟಲೆ ಬೆಳಿಗ್ಗೆ ಹೋಗುತ್ತಿದ್ದ ‘ವಾಕಿಂಗ್’ ಎಂದರೆ ಆಕೆಯ ಗಾಡಿಯಲ್ಲಿ ಕಲಿಕೆ. ಹಾಗಾದರೆ ನನ್ನನ್ನು ಕೇಳಿದ್ದೇಕೆ ಎಂದು ಮೊಬೈಲಿನಲ್ಲಿ ಬರೆದು ತೋರಿಸಿದೆ.

‘ಕೀಲಿ ನಿಮ್ಮ ಕಿಸೆದಾಗ ಇತ್ತಲ್ರಿ.’

ಮರುದಿನ ನನ್ನ ಗಂಜಿ ಆರಲು ಇಟ್ಟು ಹೊರಟಳು. ಬಾಲ್ಕನಿಯಿಂದ ನೋಡಿದೆ. ಗೇಟಿನಲ್ಲಿ ಇಂಡಿಕೇಟರ್ ಹಾಕಿದಳು, ಎರಡೂ ಕಡೆ ನೋಡಿದಳು. (ನಾನು ಇಂಡಿಕೇಟರ್ ಹಾಕಿ ಎಷ್ಟು ಕಾಲವಾಯಿತೋ.) ಹನ್ನೊಂದಕ್ಕೆ ಹೋದವಳು ನಾಲ್ಕಾದರೂ ಬರಲಿಲ್ಲ. ಎರಡು ಸಲ ಫೋನ್ ಕೈಗೆತ್ತಿಕೊಂಡೆ, ಇಟ್ಟೆ. ನಾಲ್ಕೂವರೆಗೆ ಹೆಲ್ಮೆಟ್ ಹಿಡಿದು ಒಳಗೆ ಬಂದಳು.

‘ಇಷ್ಟೊತ್ತು?’ ಎಂದು ತೊದಲಿದೆ.

‘ಅಕ್ಕ ಉಣ್ಣಾಕ ಹಾಕಿದ್ಲ್ರಿ. ಆಮ್ಯಾಲ ಇಬ್ಬರೂ ಅಲ್ಲೇ ಅಡ್ಡಾದ್ವಿ, ನಿದ್ದಿ ಹತ್ತಿಬಿಡ್ತು. ಅಕಿ ಆ ಮನಿಗೆ ಬಂದು ಒಂಬತ್ತು ವರ್ಷ ಆತು. ನಾ ಅಲ್ಲಿ ಉಂಡಿದ್ದು ಇವತ್ತಽ ಮೊದಲು.’

ನಿಮ್ಮ ಮನೆಯಾಕೆ ತನ್ನ ಅಕ್ಕನ ಮನೆಯಲ್ಲಿ ಕೂತು ಉಂಡು ಎಷ್ಟು ದಿನವಾಯಿತು, ಕೇಳಿದ್ದೀರಾ?