ತಮ್ಮನ ಪಾಲಿಗೆ ಬಿದ್ದ ಮಾರ್ಕು

ದರ್ಜಿ ಅಂಗಡಿಯಲ್ಲಿ ಮೂವತ್ತು ವರ್ಷ ಕಾಜಾ ಹೊಲಿದವನನ್ನು ಬೀದಿಯೆಲ್ಲ ಕಾಜಣ್ಣ ಎಂದೇ ಕರೆಯುತ್ತಿತ್ತು. ಗುಂಡಿ ತೂರುವ ಕಂಡಿ ಹೊಲಿಯುವುದು ಅವನ ಪಾಲು. ಬಟ್ಟೆ ಕತ್ತರಿಸುವುದು ತಮ್ಮನ ಪಾಲು. ಅಪ್ಪ ತನ್ನ ದೊಡ್ಡ ಕತ್ತರಿಯನ್ನು ಚಿಕ್ಕವನ ಕೈಗಿತ್ತು, "ಇವನದು ನನ್ನ ಕೈ" ಎಂದಿದ್ದ. ಆ ಮಾತು ಕಾಜಣ್ಣನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದುಬಿಟ್ಟಿತ್ತು.

ಅಪ್ಪನನ್ನು ಕೊಂಡೊಯ್ದದ್ದು ಕುತ್ತಿಗೆಯ ಗಂಟು, ಲಿಂಫೋಮಾ ಎಂಬ ಕ್ಯಾನ್ಸರ್. ಈಚೆಗೆ ಸೋದರತ್ತೆಗೂ ಅದೇ ಬಂದಾಗ ಆಸ್ಪತ್ರೆಯವರು ಅಣ್ಣತಮ್ಮಂದಿರ ರಕ್ತ ತೆಗೆದು ನೋಡಿದರು.

"ತಮ್ಮನ ರಕ್ತದಲ್ಲಿ ಅಪ್ಪನ ಕಡೆಯ ಮಾರ್ಕರ್, ಅಂದ್ರೆ ಆ ಕಾಯಿಲೆಯ ಒಂದು ಗುರುತು, ಇದೆ. ನಿಮ್ಮಲ್ಲಿಲ್ಲ" ಎಂದರು ಡಾಕ್ಟರಮ್ಮ.

ಕಾಜಣ್ಣನ ಮುಖ ಹುಳಿ ಹಿಂಡಿದ ಹಾಲಾಯಿತು. "ಸರಿಯಾಗಿ ನೋಡಿದ್ರಾ ಅಮ್ಮಾ? ಹಿರಿಮಗ ನಾನು!"

"ಇದೇನು ಬಹುಮಾನವೇನಪ್ಪಾ? ಇದ್ದವರಿಗೆ ಆ ಕಾಯಿಲೆ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೇ. ಬಂದೇ ಬರುತ್ತೆ ಅಂತಲ್ಲ. ಇಲ್ಲದವರಿಗೂ ಬರಬಹುದು."

ಕತ್ತರಿ ಅವನಿಗೆ, ಹೊಗಳಿಕೆ ಅವನಿಗೆ, ಕಡೆಗೆ ಅಪ್ಪನ ರಕ್ತದ ಗುರುತೂ ಅವನಿಗೇ! ಮನೆಯಲ್ಲಿ ಹೀಗೆ ಗೊಣಗಿದಾಗ ಹೆಂಡತಿ ಹಣೆ ಚಚ್ಚಿಕೊಂಡಳು. "ಬೇನೆಯಲ್ಲೂ ಪಾಲು ಕೇಳೋರನ್ನ ನಿಮ್ಮನ್ನೇ ಕಂಡೆ!"

ಇತ್ತ ತಮ್ಮ ಹೊತ್ತುಹೊತ್ತಿಗೂ ಕುತ್ತಿಗೆ ಒತ್ತಿ ನೋಡಿಕೊಳ್ಳತೊಡಗಿದ. ಕೋಟಿನ ಬಟ್ಟೆಗೆ ಸೀಮೆಸುಣ್ಣದಲ್ಲಿ ಮಾರ್ಕು ಹಾಕಿದವನು ಕತ್ತರಿಸಲೇ ಇಲ್ಲ. ವಾರ ಕಳೆದ ಮೇಲೆ ಕತ್ತರಿಯನ್ನು ತಂದು ಅಣ್ಣನ ಮುಂದಿಟ್ಟ.

"ಇನ್ಮೇಲೆ ನೀನೇ ಕತ್ತರಿಸಣ್ಣ. ನನಗೆ ಮಾರ್ಕು ಬಿದ್ದಾಯ್ತು."

ಮೂವತ್ತು ವರ್ಷ ಬಯಸಿದ್ದು ಅಂಗೈಗೆ ಬಂದಿತ್ತು. ಆದರೆ ಹಿಡಿ ತಮ್ಮನ ಹೆಬ್ಬೆರಳಿಗೆ ತಕ್ಕಂತೆ ಸವೆದು, ಇವನ ಬೆರಳಿಗೆ ಕೂರಲೊಲ್ಲದು. ಅದಕ್ಕೂ ಹೊಟ್ಟೆ ಉರಿಯಿತು. ಸಿಟ್ಟಿನಲ್ಲಿ ಬಟ್ಟೆಯ ಮೇಲಿನ ಬಿಳಿ ಗೆರೆಯನ್ನೇ ದಿಟ್ಟಿಸಿದ.

"ಲೋ, ಇದನ್ನ ಎಳೆದು ಎಷ್ಟು ದಿನವಾಯ್ತು?"

"ಒಂದು ವಾರ."

"ಬಟ್ಟೆ ಹರಿದಿದೆಯೇನೋ?"

"ಕತ್ತರಿ ಆಡದೆ ಹೇಗಣ್ಣ ಹರಿಯುತ್ತೆ?"

"ಮತ್ತೆ? ನಿನಗೆ ಬಿದ್ದಿರೋದೂ ಬರೀ ಗೆರೆ. ದರ್ಜಿಯಾಗಿ ಇಷ್ಟು ತಿಳಿಯಲ್ವಾ? ಇಂಥ ದಡ್ಡನಿಗೆ ಕತ್ತರಿ ಕೊಟ್ಟನಲ್ಲ ಆ ನಮ್ಮಪ್ಪ!"

ತಮ್ಮ ನಕ್ಕುಬಿಟ್ಟ. ಕಣ್ಣೊರೆಸಿಕೊಂಡು ಕತ್ತರಿ ಹಿಡಿದ. ಸಂಜೆಯೊಳಗೆ ಕೋಟು ಕಾಜಾಕ್ಕೆ ಬಂತು.

ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಇಬ್ಬರೂ ಹೋಗುತ್ತಾರೆ. ಡಾಕ್ಟರಮ್ಮ ತಮ್ಮನ ಕುತ್ತಿಗೆಯನ್ನು ಮುಟ್ಟಿ ನೋಡಿ ಮುಗಿಸುವುದೇ ತಡ, ಕಾಜಣ್ಣ ಅಂಗಿಯ ಮೇಲುಗುಂಡಿ ಬಿಚ್ಚಿ ತನ್ನ ಕುತ್ತಿಗೆ ಮುಂದೊಡ್ಡುತ್ತಾನೆ.

"ಇಲ್ಲದವರಿಗೂ ಬರಬಹುದು ಅಂದಿದ್ರಲ್ಲಮ್ಮ. ನನ್ನದನ್ನೂ ನೋಡಿ!"